ಮೂರನೇ ಗೇರಿನ ಗುಂಡು

ಲಷ್ಕರ್ ಮೊಹಲ್ಲಾದ ಈ ಶೆಡ್ಡಿಗೆ
ಹನ್ನೊಂದು ವರ್ಷದ ಮೇಲೆ ಮತ್ತೆ ಬಂದಿದೆ
ನರ್ಸ್ ಡೆಲ್ಫಿನಮ್ಮನ ಬಿಳಿ ಮಾರುತಿ.
ಬಿಳಿ ಅನ್ನುವುದು ಆರ್‌ಸಿ ಪುಸ್ತಕದ ಮಾತು.
"ಕ್ಲಚ್ಚು ಜಾರ್ತಿದೆ ಸಿದ್ದಪ್ಪಾಜಿ, ಅಷ್ಟು ನೋಡು.
ಮೂರನೇ ಗೇರು ಇಳಿಜಾರಲ್ಲಿ ಹಾರುತ್ತೆ,
ಅದು ಬಿಡು, ಅದರ ಗುಣ.
ಅಂಗೈಲಿ ಒತ್ತಿ ಹಿಡಿದ್ರೆ ಸುಮ್ಮನಿರುತ್ತೆ."

ಅದರ ಗುಣ.
ಹದಿನಾಲ್ಕರ ಸ್ಪ್ಯಾನರಿನ ಬಾಯಿ ಒರೆಸುತ್ತ
ನಾನು ಏನೂ ಅನ್ನಲಿಲ್ಲ.

ಮೊದಲು ಆಯಿಲ್ ಇಳಿಸಿದೆ.
ಹಳೇ ಗೇರ್ ಆಯಿಲ್ ಇಳಿಯುವ ಚೆಂದವೇ ಬೇರೆ,
ಅವಸರವಿಲ್ಲ, ಆಲೆಮನೆಯ ಪಾಕದ ಹಾಗೆ ಎಳೆಎಳೆ;
ನಾರುವುದು ಮಾತ್ರ ಸೀದ ಬೆಳ್ಳುಳ್ಳಿ.
ಬೇಸಿನ್ನಿನ ತಳದಲ್ಲಿ ಹಿತ್ತಾಳೆಯ ಹುಡಿ ಮಿಣಮಿಣ:
ಸಿಂಕ್ರೊ ರಿಂಗು ದಿನಕ್ಕಿಷ್ಟೆಂದು
ತನ್ನನ್ನೇ ತೇದುಕೊಟ್ಟ ಗಂಧ.

ಎರಡೂ ಆಕ್ಸಲ್ ಎಳೆದು, ಬೋಲ್ಟು ಬಿಚ್ಚಿ,
ಗೇರ್‌ಬಾಕ್ಸನ್ನು ಎದೆಯ ಮೇಲೆ ಇಳಿಸಿಕೊಂಡೆ.
ಜಾಕಿ ಇದೆ. ಆದರೂ ಎದೆಯೇ ಅಭ್ಯಾಸ.
ಗಫೂರ್ ಉಸ್ತಾದರು ಹೇಳುತ್ತಿದ್ದರು:
"ಭಾರ ಗೊತ್ತಾಗದೆ ಬಿಚ್ಚಬೇಡ್ವೋ.
ಜೋಡಿಸುವಾಗ ಏನು ಕಮ್ಮಿ ಬಿತ್ತು ಅಂತ
ಎದೆಗೇ ಗೊತ್ತಾಗಬೇಕು."

ಗೊತ್ತಾಗಿತ್ತು.
ಆಗ ನನಗೆ ಹದಿನೇಳು. ಶುಕ್ರವಾರ,
ಉಸ್ತಾದರು ನಮಾಜಿಗೆ ಹೋಗಿದ್ದರು.
ಸ್ಪ್ರಿಂಗು ಚಿಮ್ಮಿತು. ಅದರ ಮುಂದಿನ ಉಕ್ಕಿನ ಗುಂಡು,
ಮೂರನೇ ಗೇರನ್ನು ಗೂಡಲ್ಲಿ ಕೂರಿಸುವ
ಕಡಲೆಕಾಳಿನಷ್ಟು ಗುಂಡು,
ಕಲ್ಲುಚಪ್ಪಡಿಯ ಮೇಲೆ ಮೂರು ಸಲ ಕುಣಿದು
ಮೋರಿಗೆ ಹೋಯಿತು.
ಸರಳು ಹಾಕಿ ಕೆದಕಿದೆ. ಅಯಸ್ಕಾಂತ ಇಳಿಬಿಟ್ಟೆ.
ಎರಡು ಮೊಳೆ, ಒಂದು ಹೇರ್‌ಪಿನ್ನು ಬಂತು.
ಎದುರಿನ ಸೈಕಲ್ ಅಂಗಡಿಯ ಮಾದಪ್ಪಣ್ಣ
ಪೆಡಲಿನ ಗುಂಡೊಂದು ಕೊಟ್ಟ, ಕಾಸು ಕೇಳಲಿಲ್ಲ.
ಕೂದಲೆಳೆ ಸಣ್ಣದು.
ಕೂದಲೆಳೆ ತಾನೆ, ಅಂದುಕೊಂಡೆ.
ಉಸ್ತಾದರು ಬಂದು ಲಿವರ್ ಆಡಿಸಿ
ನನ್ನ ಮುಖ ನೋಡಿ, ಮತ್ತೆ ಲಿವರ್ ನೋಡಿ
"ಆಯ್ತಾ?" ಅಂದರು.
"ಆಯ್ತು" ಅಂದೆ.

ಇವತ್ತು ಅದೇ ತಿರುಪು ಬಿಚ್ಚಿ
ಅಂಗೈಗೆ ಬೀಳಿಸಿಕೊಂಡೆ.
ಒಂದು ಕಡೆ ಸವೆದು ಚಪ್ಪಟೆ.
ಪಾಪ, ಪೆಡಲಿಗೆ ಹುಟ್ಟಿದ್ದು;
ಎಷ್ಟು ಸಲ ಬೆಟ್ಟ ಇಳಿದಿದೆ, ತನ್ನದಲ್ಲದ ಕೆಲಸಕ್ಕೆ.

ಲೆಕ್ಕ ಹಾಕಿದೆ: ಮೇಟಗಳ್ಳಿ, ಕೆಸರೆ,
ಬೆಟ್ಟದ ಹಿಂದಿನ ಉತ್ತನಹಳ್ಳಿ,
ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆಯಲು
ದಿನಾ ಓಡಾಡಿದ ಹೆಂಗಸು.
ಬಲಗೈಲಿ ಸ್ಟೇರಿಂಗು,
ಎಡಗೈ ಪೂರ್ತಿ ನನ್ನ ತಪ್ಪಿಗೆ ಮೀಸಲು.
ಆ ಅಂಗೈ ನೋಡಿದ್ದೇನೆ. ಬೆರಳ ಬುಡದಲ್ಲಿ
ಲಿವರಿನ ಗುಬುಟಿನಷ್ಟಗಲ ಜಡ್ಡು.

ಹೊಸ ಗುಂಡು, ಸ್ಪ್ರಿಂಗು, ರಿಂಗು, ಕ್ಲಚ್ ಪ್ಲೇಟು,
ಎರಡು ಲೀಟರ್‌ಗೆ ಮೇಲೆ ಆಯಿಲ್.
ಬಿಲ್ಲಿನಲ್ಲಿ 'ಗುಂಡು' ಎಂದು ಬರೆದು
ಬೆಲೆಯ ಜಾಗ ಖಾಲಿ ಬಿಟ್ಟೆ.

ಟ್ರಯಲ್ಲಿಗೆ ಅವರೇ ಓಡಿಸಿದರು, ಪಕ್ಕದಲ್ಲಿ ನಾನು.
ಬೆಟ್ಟ ಹತ್ತಿ, ಉತ್ತನಹಳ್ಳಿ ಕಡೆಯ ಇಳಿಜಾರು.
ಆಕ್ಸಿಲೇಟರ್ ಬಿಟ್ಟರು. ಇಲ್ಲೇ ಹಾರುತ್ತಿದ್ದದ್ದು.
"ಕೈ ತೆಗೀರಿ ಅಮ್ಮ."
ತೆಗೆದು ಮಡಿಲಲ್ಲಿ ಇಟ್ಟುಕೊಂಡರು,
ಬೇರೆಯವರ ಕೂಸನ್ನು ಇಟ್ಟುಕೊಂಡ ಹಾಗೆ.
ಗೇರು ಕದಲಲಿಲ್ಲ.
ಇಂಜಿನ್ನು ಒಂದೇ ದನಿಯಲ್ಲಿ ಗೊಣಗುತ್ತ
ಗಾಡಿಯನ್ನು ತಡೆದು ತಡೆದು ಇಳಿಸಿತು.

ಆಗ ಹೇಳಿಬಿಟ್ಟೆ. ಮೋರಿ, ಹೇರ್‌ಪಿನ್ನು, ಪೆಡಲು, ಎಲ್ಲ.
ಎರಡು ತಿರುವು ಅವರು ಮಾತಾಡಲಿಲ್ಲ.
ಮೂರನೆಯದಕ್ಕೆ
"ಹಾಗಾದ್ರೆ ಗಾಡಿ ಗುಣ ಅಲ್ಲ ಅದು" ಅಂದರು,
ಯಾರನ್ನೋ ಸುಮ್ಮನೆ ಬೈದುಬಿಟ್ಟವರ ದನಿಯಲ್ಲಿ.
"ಅಲ್ಲ ಅಮ್ಮ. ನಂದು."

ಕೆಳಗೆ ಬಸ್ಸೊಂದು ಹಾರನ್ ಹಾಕಿತು.
ಎಡಗೈ ತಾನಾಗಿ ಎದ್ದು
ಮತ್ತೆ ಲಿವರಿನ ಮೇಲೆ ಕೂತಿತು.
ಇನ್ನು ಹಾರಲ್ಲ, ಅನ್ನಲು ಹೋಗಿ ಬಿಟ್ಟೆ.
ಜೇಬಿನಲ್ಲಿ ಚಪ್ಪಟೆ ಗುಂಡು
ತಿರುವು ತಿರುವಿಗೂ ಚಿಲ್ಲರೆಗೆ ತಾಗುತ್ತಿತ್ತು.