ತಡವಾಗಿ ಬರುವ ಡಬ್ಬಿ

ಆದವಾನಿಗೆ ಅವಳ ಡಬ್ಬಿ ಬರುತ್ತಿದ್ದುದೇ
ಎರಡು ವರ್ಷ ತಡವಾಗಿ, ಮೈತುಂಬ ಗೀರು ಹೊತ್ತು.

ಬೆಂಗಳೂರಲ್ಲಿ ಚಿತ್ರಾವತಿ ಅತ್ತಿಗೆಯಾಗಿದ್ದಾಗ
ನಮ್ಮಲ್ಲಿನ್ನೂ ಕಾಲೇಜು ಹುಡುಗಿ;
ಅಲ್ಲಿ ತಾಯಿ,
ಇಲ್ಲಿ ಆಗತಾನೆ ಅರಿಶಿನ ಹಚ್ಚಿಕೊಂಡವಳು.
ಜಿನ್ನಿನ ಹೆಂಗಸರು ತಲೆಯ ಅರಳೆ ಝಾಡಿಸದೆ
ನೆಲದ ಕ್ಲಾಸಿನಲ್ಲಿ ಕೂತು ಅಳುವರು.
ಕನ್ನಡ ಅರ್ಧ, ತೆಲುಗು ಅರ್ಧ, ಅಳು ಪೂರಾ.

ಕ್ಯಾಬಿನ್ನಿನಲ್ಲಿ ಕಾರ್ಬನ್ ಕಡ್ಡಿ ಸರಿಸುತ್ತ
ನಾನೇ ಅವಳಿಗಿಂತ ಬೇಗ ಮುದುಕನಾದೆ.

ಆಮೇಲೆ ಅಜ್ಜಿಯ ಪಾತ್ರ, ಎರಡೇ ಮಾತು.
ಆಮೇಲೆ ಟಾಕೀಸೇ ಹತ್ತಿಯ ಗೋದಾಮು.

ಸತ್ತ ಸುದ್ದಿ ಮಾತ್ರ ಅದೇ ದಿನ ಬಂತು, ಟೀವಿಯಲ್ಲಿ.
ನಂಬಲಿಲ್ಲ ನಾನು.
ನಮ್ಮೂರಿಗಿನ್ನೂ ಎರಡು ವರ್ಷ ಇದೆ.

ಹುಸೇನಪ್ಪ, ಆ ಬಲ್ಬು ಹಾಕು.
ರೀಲು ಕಡಿದಾಗ ಕದ್ದ ತುಂಡೊಂದಿದೆ ಬೀಡಿ ಡಬ್ಬಿಯಲ್ಲಿ:
ಒಂಬತ್ತು ಚೌಕ. ಒಂಬತ್ತರಲ್ಲೂ
ಏನೋ ಹೇಳಲು ಬಾಯಿ ತೆರೆದಿದ್ದಾಳೆ.