ಹದಿನೇಳನೇ ಪುಟದ ಕಿವಿ

ಅವಟಿ ಚಿದಾನಂದರ ಬಾಡಿಗೆ ಲೈಬ್ರರಿ,
ವಿಜಾಪುರದ ಗಾಂಧಿ ಚೌಕದ ಹಿಂದೆ, ಗಿರಣಿಯ ಮಗ್ಗುಲಿಗೆ.
ದಿನಕ್ಕೆ ಹತ್ತು ಪೈಸೆ. ಯಾವ ಪುಸ್ತಕ ತೆರೆದರೂ
ಜೋಳದ ಹಿಟ್ಟಿನ ವಾಸನೆ,
ಕೊಲೆಗೂ ಅದೇ, ಪ್ರೇಮಕ್ಕೂ ಅದೇ.

ಏಜೆಂಟ್ ಮಿಹಿರನನ್ನು ಮೊದಲು ಕಂಡದ್ದು ಅಲ್ಲಿ,
ಹದಿನೇಳನೇ ಪುಟದಲ್ಲಿ:
ಐದಡಿ ಮೂರಂಗುಲ. ಕಪ್ಪು.
ಕೆನ್ನೆ ತುಂಬ ಮೈಲಿಬೇನೆಯ ಕುಳಿ.
ಎಡಗಿವಿ ಅರ್ಧವೇ.
ಒಮ್ಮೆ ನೋಡಿದವರಿಗೆ ಹೊಳ್ಳಿ ನೋಡಬೇಕೆನಿಸದ ಮುಖ.
‘ಅದೇ ಅವನ ಆಯುಧ’ ಎಂದು ಬರೆದಿದ್ದರು
ಪಿಡಬ್ಲ್ಯುಡಿ ಕಾರಕೂನ ಯಲಗೂರದಪ್ಪ ಇಂಡಿಕರ,
ಆಫೀಸಿನ ಶಾಯಿಯಲ್ಲಿ, ರಸ್ತೆಯ ಅಂದಾಜುಪಟ್ಟಿಗಳ ನಡುವೆ.

ನಾಲ್ಕನೇ ಕಾದಂಬರಿಯಲ್ಲಿ ಹರಕು ಕಿವಿ ಬಲಕ್ಕೆ ಸರಿಯಿತು.
ಏಳರಲ್ಲಿ ಮತ್ತೆ ಎಡಕ್ಕೆ.
‘ಕಿವಿ ಯಾವುದು?’ ಎಂದು ಅಂಚಿನಲ್ಲಿ ಗೀಚಿದ್ದಕ್ಕೆ
ಅವಟಿ ನಾಲ್ಕಾಣೆ ದಂಡ ಹಾಕಿದರು.
ಆಮೇಲೆ ದನಿ ತಗ್ಗಿಸಿ,
“ನನಗ್ಯಾಕ ಕೇಳ್ತಿ? ಹೊರಗ ನಿಂತಾನ ನೋಡು.
ಇಂಡಿಕರ ದಿನಾ ಆಫೀಸಿಗಿ ಹೋಗೂದು ಅವನ ಟಾಂಗಾದಾಗ.”

ಹೊರಗೆ ಲಾಡ್ಲೇಸಾಬ,
ಚಮಕಿಯ ಮೂತಿಗೆ ಹುರುಳಿಚೀಲ ಕಟ್ಟುತ್ತಿದ್ದ.
ಪುಸ್ತಕದಲ್ಲಿ ಆ ಕಿವಿಗೆ ಗುಂಡು ತಾಗಿದ್ದು ಲಿಸ್ಬನ್ನಿನಲ್ಲಿ,
ಮಂಜು ಕವಿದ ಬಂದರಿನಲ್ಲಿ.
ಕೇಳಿದೆ. ಹೊಳ್ಳದೆಯೇ ಹೇಳಿದ:
“ಕುದರಿ ಕಡದದ್ದವಾ. ಇದರವ್ವ.
ಪಾಪ, ಹಸದಿತ್ತು.”

ಮುಂದಿನ ಬೇಸಿಗೆಗೆ ಸಿನಿಮಾದವರು ಬಂದರು.
ಅವರ ಮಿಹಿರ ಆರಡಿ. ಗೋಧಿ ಬಣ್ಣ.
ಗದ್ದದಲ್ಲಿ ಒಂದೇ ಒಂದು ಗುಳಿ, ಬೇನೆಯದಲ್ಲ, ಪುಣ್ಯದ್ದು.
ಎರಡೂ ಕಿವಿ ಇಡಿಯಾಗಿ, ಹೊಸ ನಾಣ್ಯದ ಹಾಗೆ.
ಮೇ ತಿಂಗಳ ಧೂಳಿನಲ್ಲಿ ಬಿಳಿ ಸೂಟು.
ಸ್ಟೇಶನ್ ರೋಡಿನಲ್ಲಿ ಅವನು ಗುಟ್ಟಾಗಿ ನಡೆದರೆ
ಬಾಳೆಹಣ್ಣಿನವರೆಲ್ಲ ಗಾಡಿ ಬಿಟ್ಟು ಬೆನ್ನ ಹಿಂದೆ.

ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ
ನಾಯಕಿಯ ಕಿವಿಗೆ ಬಾಗಿ ಅಂದ:
“ಯಾರಿಗೂ ಹೇಳಬೇಡ, ನಾನು ಗುಪ್ತಚರ.”
ಟಾಕೀಸಿನಲ್ಲಿ ಇಡೀ ಊರು ಬಿದ್ದು ಬಿದ್ದು ನಕ್ಕಿತು.
ಅಲ್ಲಿ ಕೆಮ್ಮಿದರೆ ಏಳು ಸಲ ಕೇಳುತ್ತದೆಂದು
ನಮ್ಮಲ್ಲಿ ಕಂಕುಳ ಕೂಸಿಗೂ ಗೊತ್ತು.

ಅವನನ್ನು ಗುಮ್ಮಟಕ್ಕೆ ತಂದ ಟಾಂಗಾ ಲಾಡ್ಲೇಸಾಬನದು.
“ನಿನ್ನ ಮುಖ ಬರಬಾರದು,” ಅಂದಿದ್ದರಂತೆ ಕ್ಯಾಮೆರಾದವರು,
“ಕುದುರೆ ಬರಲಿ.”
ಹದಿನೈದು ರೂಪಾಯಿ, ಚಮಕಿಗೆ ಒಂದು ಹೊರೆ ಹುಲ್ಲು.
ಪರದೆಯ ಮೇಲೆ ಎರಡು ಸೆಕೆಂಡು:
ಚಾವಟಿ ಹಿಡಿದ ಕೈ, ಖಾಕಿ ಹೆಗಲು,
ಚೌಕಟ್ಟಿನ ಅಂಚಿಗೆ, ಕತ್ತರಿ ಮರೆತುಬಿಟ್ಟ
ಅರ್ಧ ಕಿವಿ.
ಅವಟಿ ನನ್ನ ಮೊಣಕೈ ತಿವಿದರು.
“ಬಂದಾ,” ಅಂದರು. “ಖರೇ ಅಂವಾ ಬಂದಾ.”

ಮುಂದಿನ ಸಾಲಿನಲ್ಲಿದ್ದ ಇಂಡಿಕರ ಮಾತ್ರ
ಗದ್ದದ ಗುಳಿಯನ್ನೇ ನೋಡುತ್ತಿದ್ದರು.
ಎಂಟನೇ ಕಾದಂಬರಿಯಲ್ಲಿ ಮಿಹಿರ
ಆರಡಿಗೆ ಬೆಳೆದಿದ್ದ. ಕೆನ್ನೆ ನುಣ್ಣಗೆ.
ಕಿವಿಯ ಮಾತೇ ಇಲ್ಲ.
ಮೂರನೇ ದಿನಕ್ಕೆ ಓದದೆ ಮರಳಿಸಿದೆ,
ಮೂವತ್ತು ಪೈಸೆ ಹೋಯಿತು.

ಈಗಲೂ ಯಾರನ್ನಾದರೂ ಕೇಳಿ, ಮಿಹಿರ ಹೇಗಿದ್ದ?
ಥಟ್ಟನೆ ಗದ್ದ ಮುಟ್ಟಿಕೊಳ್ಳುತ್ತಾರೆ.
ಲಾಡ್ಲೇಸಾಬ?
ಅವನ ಟಾಂಗಾದಲ್ಲೇ ಹೆರಿಗೆಗೆ ಹೋದವರೂ
“ಇದ್ದಾ... ಒಬ್ಬಂವ” ಅನ್ನುತ್ತಾರೆ.

ನಾನಾದರೂ ಏನು ಹೇಳಲಿ.
ಆರು ವರ್ಷ ಅವನ ಟಾಂಗಾದಲ್ಲಿ ಸಾಲಿಗೆ ಹೋದೆ.
ಹುಡುಗಿಯರಿಗೆ ಹಿಂದಿನ ಹಲಗೆ,
ಅವನ ಬೆನ್ನಿಗೆ ಬೆನ್ನು ಕೊಟ್ಟು, ಕಾಲು ಇಳಿಬಿಟ್ಟು,
ದೂರವಾದಷ್ಟೂ ದೊಡ್ಡದಾಗುವ ಗುಮ್ಮಟ ನೋಡುತ್ತ.
ಅವನ ಮುಖ ನಾನು ಕಂಡದ್ದು
ಹಿಟ್ಟು ಮೆತ್ತಿದ ಆ ಒಂದು ಪುಟದಲ್ಲಿ ಮಾತ್ರ.