ಎಡಗಾಲಿನ ಚಪ್ಪಲಿ

ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ
ನನ್ನದು ಬರೆಯುವ ಕೆಲಸ.
ಜಲಪದ್ಮ, ನಲವತ್ತು ಗಡ್ಡೆ. ಸಾಯಿಸಾಗರ, ಅರವತ್ತು.
ಹಳೆ ಬಾಕಿ, ಹೊಸ ಬಾಕಿ, ತಾಂಡೇಲನ ಸಹಿ.
ಬೆಳಗಿನ ನಾಲ್ಕಕ್ಕೆ ಶುರು.

ಕಂಪ್ರೆಸರ್ ಕಾದು ನಿಂತಾಗ
ಇನಾಸ ಬೈಯುತ್ತ ಪಾನಾ ಹುಡುಕುತ್ತಾನೆ,
ನಾನು ಮೇಜಿನ ಖಾನೆ ಎಳೆದು
ಲೈಬ್ರರಿಯ ಕಾದಂಬರಿ ತೆಗೆಯುತ್ತೇನೆ.
ಏಳುನೂರು ಪುಟ. ಇದು ಮೂರನೇ ವರ್ಷ.
ಮದುವೆಗೆ ಹೊರಟ ದಿಬ್ಬಣ
ಹೋದ ದೀಪಾವಳಿಯಿಂದ ಹೊಳೆಯ ಈಚೆ ದಡದಲ್ಲೇ ನಿಂತಿದೆ;
ದೋಣಿಯವ ಬಂದ ಎನ್ನುವಷ್ಟರಲ್ಲಿ
ಇನಾಸನಿಗೆ ಪಾನಾ ಸಿಕ್ಕಿಬಿಡುತ್ತದೆ.
ಪುಟಪುಟಕ್ಕೂ ಅಮೋನಿಯಾ ವಾಸನೆ.
ಗ್ರಂಥಪಾಲಕರು ಮೂಸಿ ನೋಡಿ, ದಂಡ ಹಾಕದೆ,
ಮತ್ತೆ ಹದಿನೈದು ದಿನದ ಮುದ್ರೆ ಒತ್ತುತ್ತಾರೆ.

ಮನೆ ಕೋಡಿಬಾಗದಲ್ಲಿ.
ಅತ್ತೆಗೆ ಊಟಕ್ಕೆ ಮೊದಲು ಸೂಜಿ,
ಪ್ರಣಾಲಿಗೆ ನದಿಗಳ ನಕಾಶೆ
(ಕಾಳಿಗೆ ಯಾಕೆ ನೀಲಿ, ಆಯಿ? ನಮ್ಮದು ಹಸಿರಲ್ಲವಾ?)
ರೋಹಿದಾಸ ಬೋಟಿನಿಂದ ಬಂದರೆ ಬಿಸಿನೀರು,
ಖುಬ್ಬೆಯ ಸಾರು, ಎಷ್ಟು ತೊಳೆದರೂ ಹಲ್ಲಿಗೆ ಮರಳು.

ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಮೆಟ್ಟಿಲು,
ಸವೆದ ಹವಾಯಿ ಚಪ್ಪಲಿಯ ಅಟ್ಟೆ,
ಅರ್ಧ ಬ್ಲೇಡು, ಮುರಿದ ಛತ್ರಿಯ ಕಡ್ಡಿ.
ನಾನು ಮೀನು ಕೊರೆಯುತ್ತೇನೆ.
ಲೆಪ್ಪೆ, ನೊಗ್ಲಿ, ಶೆಟ್ಲಿ, ಇಸ್ವಣ,
ಆರು ವರ್ಷಕ್ಕೆ ಇಪ್ಪತ್ಮೂರು.
ಆಫೀಸಿನ ಮುದ್ರೆಪ್ಯಾಡಿನ ನೇರಳೆ ಮಸಿ,
ಹಳೆ ರಸೀದಿಗಳ ಬೆನ್ನು.
ಮೀನು ಎಡಕ್ಕೆ ಈಜಬೇಕಾದರೆ ಬಲಕ್ಕೆ ಕೊರೆಯಬೇಕು.
ಇದಿಷ್ಟು ತಿಳಿಯಲು ಮೂರು ಜೋಡಿ ಚಪ್ಪಲಿ ಹೋದವು.

ಸೊಸೈಟಿ ಬ್ಯಾಂಕಿನ ಸುಲಕ್ಷಾ ಕೇಳುತ್ತಾಳೆ,
ಇದನ್ನೆಲ್ಲ ಹೇಗೆ ತೂಗಿಸ್ತೀಯೆ ಮಾರಾಯ್ತಿ?
ತೂಗಿಸುವುದಾ!
ನಮ್ಮ ತಕ್ಕಡಿಯ ಮೇಲೆ
ಗಡ್ಡೆ ಇಟ್ಟ ಗಳಿಗೆಯೇ ಕರಗುವ ಗಳಿಗೆ.
ಮುಳ್ಳು ನೆಟ್ಟಗಾಗಲಿ ಎಂದು ಕಾದು ನಿಂತವರು
ಕಾಲು ಒದ್ದೆ ಮಾಡಿಕೊಂಡು ಹೋಗುತ್ತಾರೆ.
ಅಂದಾಜಿನ ಮೇಲೆ ಎತ್ತು, ಉಮಿ ಸುರಿ, ಗೋಣಿ ಸುತ್ತು, ಓಡು.
ಮನೆ ಮುಟ್ಟುವಾಗ ಮುಷ್ಟಿಯಷ್ಟು ಉಳಿದರೆ
ಮುಷ್ಟಿಯಷ್ಟು.

ಕೆಲವು ರಾತ್ರಿ ಅದೂ ಇಲ್ಲ.
ಒಮ್ಮೆ ಊಟಕ್ಕೆ ಮೊದಲೇ ಬ್ಲೇಡು ಹಿಡಿದು ಕೂತು
ಪಾಂಪ್ಲೆಟ್ಟಿನ ಕಣ್ಣಿನ ಗುಂಗಿನಲ್ಲಿ
ಸೂಜಿ ಮರೆತೆ.
ಬೆಳಗಾಗುವಾಗ ಅತ್ತೆಯ ತುಟಿ ಒಣಗಿತ್ತು,
ಚೊಂಬುಗಟ್ಟಲೆ ನೀರು ಕುಡಿದರು,
ಏನೂ ಅನ್ನಲಿಲ್ಲ.
ಆ ಪಾಂಪ್ಲೆಟ್ಟಿಗೆ ಈವರೆಗೂ ಕಣ್ಣಿಲ್ಲ.

ಜೂನ್, ಜುಲೈ ಮೀನುಗಾರಿಕೆ ಬಂದ್.
ಬೋಟುಗಳಿಗೆ ತಾಡಪಾಲು, ಫ್ಯಾಕ್ಟರಿಗೆ ಬೀಗ,
ನನಗೆ ಅರವತ್ತೊಂದು ದಿನ, ಇಡಿಯಾಗಿ.
ಕಾದಂಬರಿ ಮುಗಿಸುವುದು, ಬಂಗಡೆ ಕೊರೆಯುವುದು
ಎಂದು ಚೀಟಿ ಬರೆದು ಕ್ಯಾಲೆಂಡರಿಗೆ ಸಿಕ್ಕಿಸಿದೆ.
ಮಲಗಿದೆ. ಧಾರಾವಾಹಿ ನೋಡಿದೆ.
ಹಪ್ಪಳದ ಡಬ್ಬಿ ಬರಿದಾಯಿತು.
ದಿಬ್ಬಣ ಅಲ್ಲೇ, ಈಚೆ ದಡದಲ್ಲಿ,
ನೆನೆಯುತ್ತ.

ಆಗಸ್ಟ್ ಒಂದಕ್ಕೆ ಕಂಪ್ರೆಸರ್ ಗುಡುಗಿತು,
ಒಂಬತ್ತಕ್ಕೆ ಕೆಟ್ಟಿತು. ಪಾನಾ ಕಾಣೆ.
ದಿಬ್ಬಣ ಹೊಳೆ ದಾಟಿತು!
ಆ ರಾತ್ರಿಯೇ ಕೊನೆಯ ಅಟ್ಟೆಯಲ್ಲಿ ಬಂಗಡೆ ಕೊರೆದು
ಒತ್ತಿ, ಒಣಗಲು ಮೆಟ್ಟಿಲ ಮೇಲೆ ಹರಡಿ ಮಲಗಿದೆ.

ಮೂರಕ್ಕೆ ರೋಹಿದಾಸ ಎದ್ದವ
ಬ್ಯಾಟರಿ ಬಿಟ್ಟು ತುಸು ಹೊತ್ತು ನೋಡಿದ.
'ಬಂಗಡೆಗೆ ಬಾಲದ ಹತ್ತಿರ ಮೇಲೆ ಐದು, ಕೆಳಗೆ ಐದು
ಚಿಕ್ಕ ರೆಕ್ಕೆ ಇರ್ತವೆ. ನಾಲ್ಕು ನಾಲ್ಕೇ ಮಾಡಿದ್ದೀಯಲ್ಲೇ.'
ಆರು ವರ್ಷದಲ್ಲಿ ಈ ಮೀನುಗಳ ಬಗ್ಗೆ
ಅವ ಆಡಿದ ಮೊದಲ ಮಾತು.
ಬೇರೆ ಅಟ್ಟೆ ಇಲ್ಲ, ಎಂದೆ, ಕಣ್ಣು ಬಿಡದೆ.
ಗೇಟಿನ ಸದ್ದಾಯಿತು.

ಡಬ್ಬಿ ಕಟ್ಟಿಕೊಂಡು ನಾನು ಹೊರಟಾಗ
ಮೆಟ್ಟಿಲ ಮೇಲೆ, ಬಂಗಡೆಗಳ ಪಕ್ಕ,
ಅವನ ಎಡಗಾಲಿನ ಚಪ್ಪಲಿ.
ಹೊಸತು, ಹೋದ ವಾರದ್ದು,
ಬಾರಿನ ಬಣ್ಣ ಇನ್ನೂ ಮಾಸಿಲ್ಲ.

ಸಾಯಿಸಾಗರ, ಅರವತ್ತು ಗಡ್ಡೆ,
ಎಂದು ಬರೆಯುತ್ತ ತಲೆ ಎತ್ತಿದರೆ
ಧಕ್ಕೆಯ ಒದ್ದೆ ಸಿಮೆಂಟಿನ ಮೇಲೆ
ಬುಟ್ಟಿ ಹೊತ್ತವನ
ಒಂದು ಕಾಲು ಬರಿಗಾಲು.